70 ಸಾವಿರದ ಗೇಮಿಂಗ್ ಪಿಸಿಗೆ ಅಂಗಡಿಯವರು ಕೊಟ್ಟ ಈ ಪಟ್ಟಿ ಸರಿಯಿದೆಯಾ?

ಮನೆ ಕಾಸರಗೋಡಿನ ಬದಿಯಡ್ಕದ ಹತ್ತಿರ, ಕೈಯಲ್ಲಿ 70 ಸಾವಿರ, 1080ಪಿ ಮಾನಿಟರ್ ಆಗಲೇ ಇದೆ ಅಂದಿದ್ದೀರಿ. ಅಂಗಡಿಯ ಪಟ್ಟಿಯಲ್ಲಿ ಐ7 ಪ್ರೊಸೆಸರ್, 16 ಜಿಬಿಯ ಒಂದೇ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್ ಕಾರ್ಡ್, ಬಣ್ಣದ ಲೈಟಿನ ಕ್ಯಾಬಿನೆಟ್, ಅದರ ಜತೆ, ಎಲ್ಲ ಭಾಗಗಳಿಗೂ ಕರೆಂಟ್ ಕೊಡುವ 'ಫ್ರೀ' 750 ವ್ಯಾಟ್ ಎಸ್‌ಎಂಪಿಎಸ್. ತಗೊಳ್ಳಬಹುದಾ ಅಂತ ಪ್ರಶ್ನೆ.

ಬೇಡ. ಬೇಡ ಅನ್ನಲು ಆ ಫ್ರೀ ಎಸ್‌ಎಂಪಿಎಸ್ ಒಂದೇ ಸಾಕು.

ನನ್ನ ಮನೆ ಪೆರ್ಲದ ಕಡೆ. ಮೊದಲ ಸಲ ಪಿಸಿ ಜೋಡಿಸಿದಾಗ ನಾನೂ ಹೀಗೇ ಕ್ಯಾಬಿನೆಟ್ ಜತೆ ಬಂದದ್ದನ್ನೇ ಹಾಕಿದ್ದೆ. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಒಂದು ಸಂಜೆ. ಗುಡುಗು ಎಲ್ಲೋ ದೂರದಲ್ಲಿತ್ತು, ಆಟ ಮುಗಿಸಿ ಏಳೋಣ ಅಂತ ಕೂತಿದ್ದೆ. ಟಪ್ ಅಂತ ಸದ್ದು, ಸುಟ್ಟ ವಾಸನೆ. ಎಸ್‌ಎಂಪಿಎಸ್ ತಾನೊಂದೇ ಸಾಯಲಿಲ್ಲ, ಮದರ್‌ಬೋರ್ಡನ್ನೂ ಹಾರ್ಡ್ ಡಿಸ್ಕನ್ನೂ ಕರೆದುಕೊಂಡು ಹೋಯಿತು. ಸುಟ್ಟ ಗುರುತಿದೆ, ವಾರಂಟಿ ಇಲ್ಲ ಅಂದರು. ಅಪ್ಪ ಒಂದೇ ಮಾತು ಹೇಳಿದ್ದು: "ಮಳೆಗೆ ಮೊದಲು ಅಡಿಕೆಗೆ ಮದ್ದು ಬಿಡದವನು ಕೊಳೆರೋಗ ಬಂತು ಅಂತ ಅಳಬಾರದು."

ಹಾಗಾಗಿ ಪಟ್ಟಿಯನ್ನು ಕೆಳಗಿನಿಂದ ಓದಿ. ಎಸ್‌ಎಂಪಿಎಸ್ ಮೇಲಿನ ದೊಡ್ಡ ಅಂಕಿ ನಂಬಬೇಡಿ. ಪಕ್ಕದ ಲೇಬಲ್‌ನಲ್ಲಿ 12 ವೋಲ್ಟಿನ ಕೆಳಗೆ ಎಷ್ಟು ಆಂಪಿಯರ್ ಅಂತ ಬರೆದಿರುತ್ತದೆ. ಅದನ್ನು 12ರಿಂದ ಗುಣಿಸಿ. ಒಳ್ಳೆಯ 550 ವ್ಯಾಟಿನದರಲ್ಲಿ 45 ಆಂಪಿಯರಿನ ಆಸುಪಾಸು ಇರುತ್ತದೆ, ಅಂದರೆ 540 ವ್ಯಾಟ್. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಮುಖ್ಯವಾಗಿ ಎಳೆಯುವುದು ಈ 12 ವೋಲ್ಟನ್ನೇ. ಹೊರಗೆ 750 ಅಂತ ಬರೆದು ಇಲ್ಲಿ ಅದರ ಅರ್ಧವೂ ಬಾರದಿದ್ದರೆ ಅದು ಅಂಗಡಿಯಲ್ಲೇ ಇರಲಿ. 80 ಪ್ಲಸ್ ಬ್ರಾಂಜ್ ಗುರುತು ಇರುವುದನ್ನು ತಗೊಳ್ಳಿ. ಆದರೆ ಆ ಗುರುತು ಕರೆಂಟ್ ಎಷ್ಟು ಪೋಲಾಗುತ್ತದೆ ಅನ್ನುವ ಲೆಕ್ಕ ಮಾತ್ರ, ಸಿಡಿಲಿಗೆ ತಡೆ ಅಲ್ಲ.

ನಿಮಗೆ 550 ವ್ಯಾಟ್ ಧಾರಾಳ. ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡಿಗೆ 115 ವ್ಯಾಟ್, 5060ಕ್ಕೆ 145. ಪ್ರೊಸೆಸರ್, ಫ್ಯಾನ್ ಎಲ್ಲ ಸೇರಿದರೂ 300ರ ಒಳಗೆ ನಿಲ್ಲುತ್ತದೆ.

ಇನ್ನು ಐ7. ಆ ದುಡ್ಡು ಗ್ರಾಫಿಕ್ಸ್ ಕಾರ್ಡಿಗೆ ಹೋಗಲಿ. ಐ5-12400ಎಫ್ ಅಥವಾ ರೈಜನ್ 5 5600 ಸಾಕು, ಎರಡರಲ್ಲೂ 6 ಕೋರ್, 12 ಥ್ರೆಡ್. ಎರಡಕ್ಕೂ ಒಳಗೆ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಹಾಕದೆ ಚಿತ್ರ ಬರುವುದಿಲ್ಲ, ಇದು ನೆನಪಿರಲಿ. ಕಾರ್ಡಿನಲ್ಲಿ ಕನಿಷ್ಠ 8 ಜಿಬಿ ಮೆಮೊರಿ ಬೇಕು. ಒಟ್ಟು ದುಡ್ಡಿನ ಮೂರನೇ ಒಂದು ಪಾಲಿಗಿಂತ ಜಾಸ್ತಿ ಇದಕ್ಕೇ ಹೋದರೂ ಬೇಸರ ಬೇಡ. ವ್ಯಾಲೊರಂಟ್ ಮಾತ್ರ ಆಡುವುದಾದರೆ ಇಷ್ಟು ದೊಡ್ಡ ಕಾರ್ಡೂ ಬೇಡ, ಅಲ್ಲಿ ಕೆಲಸ ಜಾಸ್ತಿ ಪ್ರೊಸೆಸರಿನದು.

ರ‍್ಯಾಮ್ 2025ರ ಕೊನೆಯಿಂದ ವಿಪರೀತ ತುಟ್ಟಿ. ಎಐ ಡೇಟಾ ಸೆಂಟರುಗಳು ಚಿಪ್ ಎಲ್ಲ ಬಾಚಿಕೊಳ್ಳುತ್ತಿವೆ. ಆದರೂ 16ರದ್ದು ಒಂದರ ಬದಲು 8ರದ್ದು ಎರಡು ಕೇಳಿ. ಜೋಡಿಯಾಗಿ ಹಾಕಿದರೆ ಪ್ರೊಸೆಸರಿಗೆ ಎರಡು ದಾರಿಯಲ್ಲಿ ಡೇಟಾ ಸಿಗುತ್ತದೆ. ಆಮೇಲೆ ಬಯೋಸ್‌ಗೆ (ಪಿಸಿ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್) ಹೋಗಿ, ರ‍್ಯಾಮನ್ನು ಪೂರ್ತಿ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಆನ್ ಮಾಡಿ. ಇಲ್ಲದಿದ್ದರೆ ದುಡ್ಡು ಕೊಟ್ಟ ವೇಗ ಪೆಟ್ಟಿಗೆಯ ಮೇಲೆ ಮಾತ್ರ ಉಳಿಯುತ್ತದೆ. ಸ್ಟೋರೇಜಿಗೆ ಎನ್‌ವಿಎಂಇ ಎಸ್‌ಎಸ್‌ಡಿ, ಸಾಧ್ಯವಾದರೆ 1 ಟಿಬಿಯದ್ದು. ಕ್ಯಾಬಿನೆಟ್ ಯಾವುದೂ ಆದೀತು, ಮುಂದೆ ಜಾಲರಿ ಇದ್ದು ಗಾಳಿಯಾಡಿದರೆ ಸರಿ. ಹಿಂದಿನ ಖಾಲಿ ಸ್ಲಾಟ್‌ಗಳ ತಗಡು ಕಿತ್ತು ಬಿಸಾಡಬೇಡಿ, ಹಲ್ಲಿ ಒಳಗೆ ಸೇರುತ್ತದೆ. ನಗಬೇಡಿ, ಒಮ್ಮೆ ಸೇರಿತ್ತು.

ಬಿಡಿಭಾಗಕ್ಕಿಂತ ಮುಖ್ಯ ಇನ್ನೊಂದಿದೆ, ನಿಮ್ಮ ಮನೆಯ ಅರ್ತಿಂಗ್. ನಮ್ಮದು ಮುರಕಲ್ಲಿನ ಗುಡ್ಡ. ಬೇಸಿಗೆಯಲ್ಲಿ ನೆಲ ಒಣಗಿ ಅರ್ತಿಂಗ್ ಗುಂಡಿಗೂ ಜೀವ ಇರುವುದಿಲ್ಲ. ಕ್ಯಾಬಿನೆಟ್ಟಿಗೆ ಕೈ ತಾಗಿದಾಗ ಜುಂ ಅಂದರೆ ಅರ್ತಿಂಗ್ ಸರಿಯಿಲ್ಲ ಅಂತಲೇ ತಿಳಿಯಿರಿ. ಮೊದಲು ಇಲೆಕ್ಟ್ರಿಷಿಯನ್ ಕರೆಸಿ, ಆಮೇಲೆ ಪಿಸಿ. ನಾನಂತೂ ಮಾರ್ಚ್ ಬಂದರೆ ತೆಂಗಿಗೆ ನೀರು ಬಿಡುವಾಗ ಆ ಗುಂಡಿಗೂ ಒಂದು ಕೊಡ ಹೊಯ್ಯುತ್ತೇನೆ.

ತೋಟದ ಪಂಪು ಬಿಟ್ಟಾಗ ವೋಲ್ಟೇಜ್ ಇಳಿಯುವುದು, ಕರೆಂಟ್ ಹೋಗಿ ಬರುವುದು ನಮ್ಮಲ್ಲಿ ಇದ್ದದ್ದೇ. ಅದಕ್ಕೆ ಯುಪಿಎಸ್ ಬೇಕು. ಸಾಮಾನ್ಯವಾಗಿ ಸಿಗುವ 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವ್ಯಾಟ್. ಮಾನಿಟರೂ ಸೇರಿದರೆ ಅದು ಕುತ್ತಿಗೆ ಮಟ್ಟ, ಹಾಗಾಗಿ 1000 ವಿಎ ನೋಡಿ. ಮನೆಯ ಇನ್ವರ್ಟರಿಗೇ ಸಿಕ್ಕಿಸುತ್ತೇನೆ ಅನ್ನುವುದಾದರೆ ಅದು ಸೈನ್ ವೇವ್ ಇನ್ವರ್ಟರ್ ಆಗಿರಲಿ. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್ ಈಗಿನ ಎಸ್‌ಎಂಪಿಎಸ್‌ಗಳಿಗೆ ಆಗಿಬರುವುದಿಲ್ಲ. ಸಿಡಿಲಿಗೆ ಮಾತ್ರ ಇದ್ಯಾವುದೂ ಮದ್ದಲ್ಲ. ಗುಡುಗು ಕೇಳುವ ಮೊದಲೇ, ಮೋಡ ಕಪ್ಪಾದಾಗಲೇ ಪ್ಲಗ್ ಕಿತ್ತಿಡಿ. ಗುಡುಗು ಶುರುವಾದ ಮೇಲೆ ಅದರ ಹತ್ತಿರ ಹೋಗಬೇಡಿ. ಇಂಟರ್ನೆಟ್ ತಾಮ್ರದ ತಂತಿಯಲ್ಲಿ ಬರುವುದಾದರೆ ಅದನ್ನೂ ತೆಗೆದಿಡಿ. ಗುಡುಗು ಹತ್ತಿರ ಬಂದಾಗ ಸ್ವಿಚ್ ಆಫ್ ಮಾಡಿದರೆ ಸಾಕು ಅಂದುಕೊಂಡವನು ನಾನು.

ಖರೀದಿಗೆ ನಾನು ರೈಲು ಹತ್ತಿ ಮಂಗಳೂರಿಗೆ ಹೋಗುತ್ತೇನೆ. ಆನ್‌ಲೈನಿನಲ್ಲಿ ಕೆಲವು ಸಲ ಕಡಿಮೆ ಸಿಗುತ್ತದೆ, ಆದರೆ ಕೆಟ್ಟಾಗ ಹಿಡಿದುಕೊಂಡು ಹೋಗಲು ಒಂದು ಮುಖ ಬೇಕಲ್ವಾ? ಜಿಎಸ್‌ಟಿ ಬಿಲ್ಲಿನಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರ್ ಬರೆಸಿಕೊಳ್ಳಿ.

ಜೋಡಿಸುವಾಗ ಅವಸರ ಬೇಡ. ಕೂಲರಿನ ಅಡಿಯ ಪ್ಲಾಸ್ಟಿಕ್ ಹಾಳೆ ಇದ್ದರೆ ತೆಗೆಯಿರಿ. ಮಾನಿಟರಿನ ಕೇಬಲ್ ಮದರ್‌ಬೋರ್ಡಿಗಲ್ಲ, ಗ್ರಾಫಿಕ್ಸ್ ಕಾರ್ಡಿಗೆ ಸಿಕ್ಕಿಸಿ. ಎಲ್ಲ ಆದಮೇಲೂ ಸ್ಕ್ರೀನ್ ಕಪ್ಪಾಗಿಯೇ ಇದ್ದರೆ ಮೊದಲು ಅದನ್ನೇ ನೋಡಿ, ಆಮೇಲೆ ರ‍್ಯಾಮ್ ತೆಗೆದು ಮತ್ತೆ ಒತ್ತಿ ಕೂರಿಸಿ. ಅದಕ್ಕೂ ಬರಲಿಲ್ಲ ಅಂದರೆ ಪಟ್ಟಿ ಮತ್ತು ಫೋಟೋ ಇಲ್ಲೇ ಹಾಕಿ, ನೋಡುತ್ತೇನೆ.