ಮನೆ ಪಕ್ಕ ಕಾರ್ ಶೆಡ್: ಕಂಟ್ರಾಕ್ಟರ್ ಆಯ್ಕೆ ಹೇಗೆ?

ಪ್ರಶ್ನೆ: ಮನೆಯಿಂದ ಬೇರೆಯಾಗಿ, ಖಾಲಿ ಜಾಗದಲ್ಲಿ 12x18 ಅಡಿಯ ಕಾರ್ ಶೆಡ್ ಕಟ್ಟಿಸಬೇಕು. ಮೂವರು ಕೊಟೇಶನ್ ಕೊಟ್ಟಿದ್ದಾರೆ, ಒಬ್ಬರದು ತೀರಾ ಕಡಿಮೆ. ಯಾರಿಗೆ ಕೊಡಲಿ?
– ಓದುಗರು, ವಿಜಯನಗರ, ಬೆಂಗಳೂರು

ಉತ್ತರ: ಒಟ್ಟು ಮೊತ್ತ ಬಿಡಿ, ಒಳಗಿನ ಲೆಕ್ಕ ನೋಡಿ. ನಿಮ್ಮ ನೆಲಕ್ಕೆ 4 ಇಂಚು ದಪ್ಪದ ಎಂ20 (ಬಲದ ಒಂದು ದರ್ಜೆ) ಕಾಂಕ್ರೀಟ್ ಎಂದರೆ 72 ಘನ ಅಡಿ, ಸುಮಾರು 16–17 ಮೂಟೆ ಸಿಮೆಂಟ್. ಕಡಿಮೆ ದರದವರು ಹತ್ತೇ ಮೂಟೆ ಬರೆದಿದ್ದರೆ ಉಳಿತಾಯ ಎಲ್ಲಿಂದ ಬಂತೆಂದು ಗೊತ್ತಾಯಿತಲ್ಲ! ಕಂಬಿಯ ಗಾತ್ರ, ಛಾವಣಿ ಶೀಟಿನ ದಪ್ಪ ಮಿಲಿಮೀಟರಿನಲ್ಲೇ ಇರಲಿ. ‘ಒಳ್ಳೇ ಕ್ವಾಲಿಟಿ’ ಅನ್ನುವುದು ಅಳತೆಯಲ್ಲ.

ಮಣ್ಣು ತುಂಬಿದ ಸೈಟಾದರೆ 6 ಇಂಚಿಗೊಮ್ಮೆ ನೀರು ಹಾಕಿ ದಮ್ಮಸ್ಸು ಮಾಡಿಸುವ ಷರತ್ತು ಹಾಕಿ. ಇಲ್ಲದಿದ್ದರೆ ಚಕ್ರ ನಿಲ್ಲುವಲ್ಲೇ ನೆಲ ಕುಸಿದು ಬಿರುಕು ಬಿಡುತ್ತದೆ. ಪಿಪಿಸಿ (ಹಾರುಬೂದಿ ಬೆರೆತ) ಸಿಮೆಂಟಿಗೆ ಕನಿಷ್ಠ 10 ದಿನ ಕ್ಯೂರಿಂಗ್, ಅಂದರೆ ನೀರು ಹಾಕಿ ಒದ್ದೆಯಾಗಿಡುವುದು. ನೀರು ಹಾಕುವವರು ಯಾರೆಂದೂ ಬರೆಸಿಕೊಳ್ಳಿ, ಜಗಳ ಹೆಚ್ಚಾಗಿ ಅಲ್ಲೇ.

ಅವರು ಕಟ್ಟಿದ, ಒಂದು ಮಳೆಗಾಲ ಕಂಡ ಶೆಡ್ ನೋಡಿ ಬನ್ನಿ. ಮುಂಗಡ ಸ್ವಲ್ಪವೇ ಕೊಡಿ, ಉಳಿದದ್ದು ಹಂತಹಂತವಾಗಿ. ಸೆಟ್‌ಬ್ಯಾಕ್ (ಮನೆ ಸುತ್ತ ನಿಯಮದಂತೆ ಖಾಲಿ ಬಿಡಬೇಕಾದ) ಜಾಗವಾದರೆ ಮೊದಲು ಪಾಲಿಕೆಯಲ್ಲಿ ವಿಚಾರಿಸಿ.