ಹಳೇ ಕಾಗದಗಳಲ್ಲಿ 'ಮುಖ್ಯವಾದದ್ದು' ಯಾವುದು?

ಮನೆಯಲ್ಲಿ ಒಂದು ಪೆಟ್ಟಿಗೆ ತುಂಬ ಹಿರಿಯರ ಕಾಲದ ಪತ್ರ, ರಸೀದಿ, ಲೆಕ್ಕದ ಪುಸ್ತಕಗಳಿವೆ, ಮುಖ್ಯವಾದವನ್ನು ಮಾತ್ರ ಆರಿಸಿ ಪತ್ರಾಗಾರಕ್ಕೆ (ಹಳೇ ದಾಖಲೆಗಳನ್ನು ಕಾಪಾಡಿಡುವ ಸಂಸ್ಥೆಗೆ) ಕೊಟ್ಟು ಉಳಿದದ್ದನ್ನು ಎಸೆಯಬಹುದಾ ಅಂತ ಕೇಳಿದ್ದೀರಿ.

ದಯವಿಟ್ಟು ಆರಿಸಬೇಡಿ. ಇಂಥ ಮನೆತನದ ಕಾಗದಗಳಿಗೆ ಪಟ್ಟಿ ಮಾಡುವ ಕೆಲಸ ನಾನು ಮಾಡಿದ್ದೇನೆ. ಜನ ಮುಖ್ಯ ಅಂತ ಆರಿಸಿ ತರುವುದು ಆಸ್ತಿ ಪತ್ರ, ಸನ್ಮಾನ ಪತ್ರ, ಯಾರೋ ದೊಡ್ಡವರು ಬರೆದ ಒಂದೆರಡು ಸಾಲು. ಆಸ್ತಿಯ ದಾಖಲೆ ಸರ್ಕಾರಿ ಕಚೇರಿಯಲ್ಲೂ ಇರಬಹುದು. ಆದರೆ ಮನೆ ಖರ್ಚಿನ ಲೆಕ್ಕ, ಕೈಸಾಲದ ಚೀಟಿ, ಅಕ್ಕತಂಗಿಯರು ಬರೆದುಕೊಂಡ ಸುಮ್ನೆ ಕ್ಷೇಮ ಸಮಾಚಾರದ ಕಾಗದ ಬೇರೆ ಎಲ್ಲಿ ಸಿಗುತ್ತದೆ? ಆ ಕಾಲದಲ್ಲಿ ಜನ ಹೇಗೆ ಬದುಕಿದರು ಅಂತ ಹುಡುಕುವವರಿಗೆ ಇದೇ ಬೇಕು.

ಇಟಲಿಯ ಪ್ರಾಟೊ ಊರಿನ ಫ್ರಾಂಚೆಸ್ಕೊ ದಾತಿನಿ ಅನ್ನೋ ವ್ಯಾಪಾರಿಯನ್ನೇ ನೋಡಿ. 1410ರಲ್ಲಿ ತೀರಿಕೊಂಡ. ರಾಜನೂ ಅಲ್ಲ, ಕವಿಯೂ ಅಲ್ಲ. ಆದರೆ ಕಾಗದ ಎಸೆಯದ ಮನುಷ್ಯ. ಅವನ ಕಾಗದಗಳು ಶತಮಾನಗಳ ಕಾಲ ಅವನ ಮನೆಯಲ್ಲೇ ಬಿದ್ದಿದ್ದು, 1870ರಲ್ಲಿ ಮತ್ತೆ ಬೆಳಕಿಗೆ ಬಂದವು. ಸುಮಾರು 1,50,000 ಪತ್ರಗಳು, ನೂರಾರು ಲೆಕ್ಕದ ಪುಸ್ತಕಗಳು! ಈಗ ಅವು ಅದೇ ಊರಿನ ಪತ್ರಾಗಾರದಲ್ಲಿವೆ. ಅವನ ಹೆಂಡತಿ ಮಾರ್ಗರಿಟಾ ಬರೆದ ಪತ್ರಗಳೂ ಅದರಲ್ಲಿವೆ. ಮೊದಮೊದಲು ಬೇರೆಯವರ ಕೈಲಿ ಬರೆಸುತ್ತಿದ್ದವಳು ಮದುವೆಯಾಗಿ ಎಷ್ಟೋ ವರ್ಷ ಕಳೆದ ಮೇಲೆ ತಾನೇ ಬರೆಯೋದು ಕಲಿತಳು. ಯಾರಾದರೂ ಕೂತು 'ವ್ಯಾಪಾರದ್ದು ಇಟ್ಟುಕೊಳ್ಳೋಣ, ಗಂಡ ಹೆಂಡಿರ ಜಗಳ ಯಾಕೆ' ಅಂತ ಆರಿಸಿದ್ದರೆ ಅವಳು ನಮಗೆ ಸಿಗುತ್ತಿರಲಿಲ್ಲ, ಅಲ್ವಾ?

ಆರಿಸುವಷ್ಟೇ ಅಪಾಯದ ಕೆಲಸ ಜೋಡಿಸುವುದು. ತಾರೀಖಿನ ಪ್ರಕಾರ ಇಟ್ಟರೆ ಪತ್ರಾಗಾರದವರಿಗೆ ಸುಲಭವಾಗುತ್ತದೆ ಅಂತ ಅನ್ನಿಸಬಹುದು. ಬೇಡ. ಒಂದು ಕಂತೆಯಲ್ಲಿ ಸಾಲದ ಪತ್ರ, ಮದುವೆಯ ಖರ್ಚಿನ ಪಟ್ಟಿ, ಮಾವನ ಕಾಗದ ಒಟ್ಟಿಗೆ ಕಟ್ಟಿದ್ದರೆ ಸಾಲ ಯಾಕೆ ಮಾಡಿದರು ಅನ್ನೋದಕ್ಕೆ ಆ ದಾರವೇ ಸುಳಿವು. ಬಿಚ್ಚಿ ಬೇರೆ ಮಾಡಿದರೆ ಮೂರು ಬಿಡಿ ಕಾಗದ ಉಳಿಯುತ್ತವೆ, ಅಷ್ಟೇ. ಲಕೋಟೆಗಳನ್ನೂ ಬಿಸಾಡಬೇಡಿ. ಪತ್ರದಲ್ಲಿ ತಾರೀಖು ಇಲ್ಲದಿದ್ದರೆ ಅಂಚೆ ಮುದ್ರೆಯೇ ಗತಿ. ಅಣ್ಣತಮ್ಮಂದಿರು ಆಸ್ತಿಯಂತೆ ಇದನ್ನೂ ಪಾಲು ಮಾಡಿಕೊಳ್ಳುವುದುಂಟು, ಅದಂತೂ ಬೇಡವೇ ಬೇಡ.

ರಿಪೇರಿಗೂ ಕೈ ಹಾಕಬೇಡಿ. ಸೆಲೋಟೇಪಿನ ಅಂಟು ವರ್ಷ ಕಳೆದಂತೆ ಹಳದಿ ಕಲೆಯಾಗಿ ಕಾಗದದೊಳಗೆ ಇಳಿಯುತ್ತದೆ. ಲ್ಯಾಮಿನೇಶನ್ ಮಾಡಿಸಿದರೆ ಮತ್ತೆ ಬಿಡಿಸುವುದು ಬಹಳ ಕಷ್ಟ. ಏನಾದರೂ ಗುರುತು ಹಾಕಲೇಬೇಕಿದ್ದರೆ ಮೆತ್ತಗಿನ ಪೆನ್ಸಿಲ್ ಸಾಕು. ನೀವು ಮಾಡಬಹುದಾದ ನಿಜವಾದ ಉಪಕಾರ ಬೇರೆ ಇದೆ: ಫೋಟೋದಲ್ಲಿ ಯಾರಿದ್ದಾರೆ, ಪತ್ರದಲ್ಲಿ ಬರುವ ಅಡ್ಡಹೆಸರು ಯಾರದ್ದು ಅಂತ ಮನೆಯ ಹಿರಿಯರನ್ನು ಕೇಳಿ ಬೇರೆ ಹಾಳೆಯಲ್ಲಿ ಬರೆದಿಡಿ. ಇದನ್ನು ಯಾವ ಪತ್ರಾಗಾರದವರೂ ಆಮೇಲೆ ಕಂಡುಹಿಡಿಯಲಾರರು.

ಕೊಡುವಾಗ ಒಂದು ಬರಹದ ಒಪ್ಪಂದ ಇರಲಿ. ದಾನವಾಗಿ ಕೊಡುತ್ತಿದ್ದೀರೋ, ಒಡೆತನ ನಿಮ್ಮದೇ ಉಳಿದು ಸುಮ್ಮನೆ ಇಡಲು ಕೊಡುತ್ತಿದ್ದೀರೋ ಅನ್ನೋದು ಅದರಲ್ಲಿ ಸ್ಪಷ್ಟವಾಗಿರಬೇಕು. ಬದುಕಿರುವವರ ಕಾಯಿಲೆ, ಜಗಳದ ವಿಷಯ ಇದ್ದರೆ ಆ ಕಂತೆಯನ್ನು ಇಷ್ಟು ವರ್ಷ ಯಾರಿಗೂ ತೋರಿಸಬಾರದು ಅಂತ ಷರತ್ತು ಹಾಕಬಹುದು. ಸುಟ್ಟು ಹಾಕುವುದಕ್ಕಿಂತ ಅದು ಎಷ್ಟೋ ವಾಸಿ. ಪತ್ರಾಗಾರದವರಿಗೆ ಬೇಡವಾದ ಕಾಗದ ಉಳಿದರೆ ವಾಪಸ್ ಕೊಡುತ್ತಾರೋ, ಅಲ್ಲೇ ನಾಶ ಮಾಡುತ್ತಾರೋ ಅನ್ನೋದನ್ನೂ ಸಹಿ ಹಾಕುವ ಮುಂಚೆಯೇ ಕೇಳಿಕೊಳ್ಳಿ.