ಡೇಟ್ ಮುಗಿದ ಒಣ ಸಾಮಾನು ಎಸೆಯಬೇಕಾ, ಬಳಸಬಹುದಾ?

ಕಪಾಟು ಕ್ಲೀನ್ ಮಾಡುವಾಗ ಎರಡು ವರ್ಷ ಹಳೆಯ ಕಾಳು, ಗೋಧಿ ಹಿಟ್ಟು, ಕಡಲೆಕಾಯಿ ಬೀಜ, ಒಣಮೆಣಸಿನಕಾಯಿ, ಒಣದ್ರಾಕ್ಷಿ ಸಿಕ್ಕಿವೆ, ತಿನ್ನಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಎಲ್ಲವನ್ನೂ ಒಟ್ಟಿಗೆ ಕಸಕ್ಕೆ ಸುರಿಯಬೇಡಿ. ಪ್ಯಾಕೆಟ್ ಮೇಲಿನ 'ಬೆಸ್ಟ್ ಬಿಫೋರ್' ತಾರೀಖು ರುಚಿ, ಘಮಕ್ಕೆ ಸಂಬಂಧಿಸಿದ್ದು. ಅದು ದಾಟಿದ ಮಾರನೇ ದಿನವೇ ಪದಾರ್ಥ ಕೆಟ್ಟುಹೋಗುವುದಿಲ್ಲ. ಒಣ ಸಾಮಾನನ್ನು ವಯಸ್ಸಿಗಿಂತ ಜಾಸ್ತಿ ಕೆಡಿಸುವುದು ಒಳಗೆ ಸೇರಿದ ತೇವ, ಇಲ್ಲವೇ ಅದರಲ್ಲೇ ಇರುವ ಎಣ್ಣೆ.

ಹಾಗಾಗಿ ಕಾಳಿನ ಬಗ್ಗೆ ಚಿಂತೆ ಬೇಡ. ಒಣಗಿದ್ದು, ಹುಳ ಬೂಷ್ಟು ಇಲ್ಲದಿದ್ದರೆ ತಿನ್ನಬಹುದು. ಹಳೆಯದಾದಷ್ಟೂ ಬೇಯುವುದು ತಡ ಅಷ್ಟೇ, ರಾತ್ರಿ ನೆನೆಸುವಾಗ ಚಿಟಿಕೆ ಅಡುಗೆ ಸೋಡಾ ಹಾಕಿದರೆ ಬೇಗ ಮೆತ್ತಗಾಗುತ್ತದೆ. ಬಿಳಿ ಅಕ್ಕಿಯೂ ಹೀಗೇ, ವರ್ಷಗಟ್ಟಲೆ ಇರುತ್ತದೆ. ಪಾಲಿಶ್ ಮಾಡದ ಅಕ್ಕಿ ಮಾತ್ರ ಬೇಗ ಕೆಡುತ್ತದೆ, ಅದರ ತೌಡಿನಲ್ಲಿ ಎಣ್ಣೆ ಇದೆಯಲ್ಲ.

ಗೋಧಿ ಹಿಟ್ಟು ಮತ್ತು ಕಡಲೆಕಾಯಿ ಬೀಜದಲ್ಲಿ ಎಣ್ಣೆ ಕೆಟ್ಟಿದೆಯಾ ಅಂತ ತಿಳಿಯಲು ನಿಮ್ಮ ಮೂಗೇ ಸಾಕು. ಮುಚ್ಚಳ ತೆಗೆದ ಕೂಡಲೇ ಮೂಸಿ ನೋಡಿ, ಡಬ್ಬಿಯೊಳಗೆ ಕೂಡಿಕೊಂಡಿದ್ದ ಗಾಳಿಯಲ್ಲೇ ವಾಸನೆ ಜೋರಾಗಿರುತ್ತದೆ, ಸ್ವಲ್ಪ ಹೊತ್ತು ತೆರೆದಿಟ್ಟರೆ ಅದು ಹೋಗಿಬಿಡುತ್ತದೆ. ಹಳೇ ಪೇಂಟ್ ಥರ ಕಮಟು ಬಂದರೆ ಎಣ್ಣೆ ಕೆಟ್ಟಿದೆ ಅಂತ ಅರ್ಥ, ಹುರಿದರೂ ಸರಿಹೋಗುವುದಿಲ್ಲ.

ಬೂಷ್ಟಿನ ವಿಷಯದಲ್ಲಿ ಮಾತ್ರ ಸ್ವಲ್ಪವೂ ರಾಜಿ ಬೇಡ. ಕಡಲೆಕಾಯಿ ಬೀಜ, ಮೆಕ್ಕೆಜೋಳ, ಒಣಮೆಣಸಿನಕಾಯಿಗೆ ಹಿಡಿಯುವ ಕೆಲವು ಬೂಷ್ಟುಗಳು ಅಫ್ಲಾಟಾಕ್ಸಿನ್ ಅನ್ನೋ ವಿಷ ಬಿಡುತ್ತವೆ. ಅದು ಲಿವರ್‌ಗೆ ಹಾನಿ, ಕ್ಯಾನ್ಸರ್‌ಗೂ ಕಾರಣವಾಗುತ್ತದೆ, ಬೇಯಿಸಿದರೂ ಹುರಿದರೂ ಪೂರ್ತಿ ಹೋಗುವುದಿಲ್ಲ. ಒಂದೆರಡು ಮೆಣಸಿನಕಾಯಿ ಮುರಿದು ಒಳಗೆ ನೋಡಿ, ಹೊರಗೆ ಕೆಂಪಗೆ ಚೆನ್ನಾಗಿದ್ದರೂ ಬೀಜದ ಸುತ್ತ ಬೂದು ಪುಡಿ ಕೂತಿರಬಹುದು. ಬೀಜಗಳಲ್ಲಿ ಸುಕ್ಕಾದ, ಬಣ್ಣಗೆಟ್ಟ, ಕಹಿ ಇರುವವು ಬೇಡವೇ ಬೇಡ. ಮುಗ್ಗಲು ವಾಸನೆ ಇದ್ದರೆ ಆರಿಸಿ ಉಳಿಸಿಕೊಳ್ಳಲು ಹೋಗಬೇಡಿ, ಇಡೀ ಡಬ್ಬಿ ಖಾಲಿ ಮಾಡಿ.

ಒಣದ್ರಾಕ್ಷಿ ಮೇಲೆ ಬೆಳ್ಳಗಿದ್ದರೆ ಗಾಬರಿಯಾಗಬೇಡಿ, ಎಷ್ಟೋ ಸಲ ಅದು ಹೊರಗೆ ಬಂದ ಸಕ್ಕರೆ. ಬಿಸಿ ನೀರಿಗೆ ಒಂದೆರಡು ಹಾಕಿ ನೋಡಿ. ಸಕ್ಕರೆಯಾದರೆ ಕರಗಿಹೋಗುತ್ತದೆ. ಹತ್ತಿಯ ಎಳೆಯ ಹಾಗೆ ಕಂಡರೆ, ಬಣ್ಣ ಹಸಿರು ಅಥವಾ ಕಪ್ಪು ಇದ್ದರೆ ಅದು ಬೂಷ್ಟೇ, ಎಸೆಯಿರಿ.

ಇನ್ನು ನುಸಿ. ಕಾಳಿನಲ್ಲಿ ನಾಲ್ಕಾರು ಕಂಡರೆ ಜರಡಿ ಹಿಡಿದು, ತೂತು ಬಿದ್ದವನ್ನು ಆರಿಸಿ, ತೊಳೆದು ಬಳಸಿದರೆ ತೊಂದರೆಯಿಲ್ಲ. ಹಿಟ್ಟು ಬಲೆ ಕಟ್ಟಿ ಗಂಟುಗಂಟಾಗಿದ್ದರೆ ಎಸೆಯುವುದೇ ಸರಿ, ಪಕ್ಕದ ಡಬ್ಬಿಗಳನ್ನೂ ಅವತ್ತೇ ತೆಗೆದು ನೋಡಿ. ಮುಂದೆ ಹೊಸ ಹಿಟ್ಟು ತಂದಾಗ ನಾಲ್ಕು ದಿನ ಫ್ರೀಜರ್‌ನಲ್ಲಿಟ್ಟರೆ ಒಳಗಿನ ಮೊಟ್ಟೆಗಳೂ ಸಾಯುತ್ತವೆ. ಹೊರಗೆ ತೆಗೆದ ಮೇಲೆ ಹಿಟ್ಟಿನ ತಂಪು ಪೂರ್ತಿ ಹೋಗುವವರೆಗೂ ಪ್ಯಾಕೆಟ್ ಬಿಚ್ಚಬೇಡಿ, ಇಲ್ಲದಿದ್ದರೆ ಒಳಗೆ ತೇವ ಸೇರುತ್ತದೆ.